ಸಂಪಾಜೆ ಘಾಟಿ ಹತ್ತಿದ ದೋಣಿಗೆ ಉಬ್ಬಸ

ಇದು ಕೊಡಗಿನ ಹಾರಂಗಿ ಹಿನ್ನೀರು, ಜನವರಿಯ ಬೆಳಗ್ಗೆ ಏಳು ಗಂಟೆ. ಈಗ ನಿಮಗೆ ಕಾಣುತ್ತಿರುವುದರಲ್ಲಿ ಮಂಜು ಎಷ್ಟು, ನಮ್ಮ ಮಾವನ ದೋಣಿಯ ಹೊಗೆ ಎಷ್ಟು ಎಂದು ನನ್ನನ್ನು ಕೇಳಬೇಡಿ.

ಮಾವ ಈ ದೋಣಿಯನ್ನು ಕಳೆದ ವರ್ಷ ಮಂಗಳೂರಿನ ಕಡೆಯಿಂದ ಲಾರಿಗೆ ಹೇರಿಸಿ, ಸಂಪಾಜೆ ಘಾಟಿ ಹತ್ತಿಸಿ ತಂದರು. ಎಂಜಿನ್ ಹಿಂದೆ ನೇತುಬಿದ್ದಿರುವ ಮಾದರಿಯಲ್ಲ. ದೋಣಿಯ ಹೊಟ್ಟೆಯಲ್ಲಿ, ಮರದ ಪೆಟ್ಟಿಗೆಯೊಳಗೆ ಕುಳಿತಿರುವ ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್. ಕಡಲತೀರದಲ್ಲಿ ಓಡಿಸಿ ನೋಡಿದಾಗ ಹೊಗೆಯೇ ಇರಲಿಲ್ಲ ಎಂದು ಮಾವ ಆಣೆ ಇಟ್ಟು ಹೇಳುತ್ತಾರೆ. ನೋಡಲು ಬಂದ ಮೆಕ್ಯಾನಿಕ್ ಒಬ್ಬರು ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಎಂದರೆ ಸವೆದ ಸಿಲಿಂಡರುಗಳನ್ನು ಕೊರೆಸಿ ಸರಿಮಾಡಿಸಬೇಕು ಎಂದು ಹೇಳಿ ಕಾಫಿ ಕುಡಿದು ಹೋದರು.

ನನಗೆ ದೋಣಿಯ ವಿದ್ಯೆ ಗೊತ್ತಿಲ್ಲ. ಆದರೆ ಕಾಫಿ ಹೂವಿಗೆ ನೀರು ಹಾಯಿಸುವ ಡೀಸೆಲ್ ಪಂಪ್‌ಸೆಟ್ಟಿನ ಪಕ್ಕದಲ್ಲಿ ಹತ್ತು ಬೇಸಿಗೆ ಕಳೆದಿದ್ದೇನೆ. ಹೊಗೆಯ ಬಣ್ಣ ಓದಲು ಅಷ್ಟು ಸಾಕು.

ಮೊದಲು ಬಿಳಿ. ಚಳಿಗೆ ಸಿಲಿಂಡರ್ ಬಿಸಿಯಾಗುವ ತನಕ ಸ್ವಲ್ಪ ಡೀಸೆಲ್ ಉರಿಯದೆ ಹೊರಬರುತ್ತದೆ. ಕಣ್ಣು ಉರಿಯುತ್ತದೆ, ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತದೆ. ಐದು ನಿಮಿಷದಲ್ಲಿ ನಿಂತಿತು. ನಿಲ್ಲದಿದ್ದರೆ ಡೀಸೆಲ್ ಚಿಮ್ಮಿಸುವ ನಾಜಲ್, ಅದು ಚಿಮ್ಮುವ ಟೈಮಿಂಗ್, ಸಿಲಿಂಡರಿನ ಕಂಪ್ರೆಷನ್ ಎಂದು ಹುಡುಕಬೇಕಿತ್ತು. ಡೀಸೆಲ್ ವಾಸನೆಯಿಲ್ಲದ ಬಿಳಿ ಬೇರೆ, ಅದು ಹಬೆ. ಎಂಜಿನ್ ತಂಪು ಮಾಡಿದ ನೀರು ಹೊಗೆ ಕೊಳವೆಯಲ್ಲೇ ಹೊರಬೀಳುವುದರಿಂದ ಈ ಚಳಿಯಲ್ಲಿ ಒಂದಿಷ್ಟು ಹಬೆ ಸಹಜ. ನೀರಿನ ಧಾರೆ ಸಣ್ಣದಾಗಿ ಹಬೆ ದಟ್ಟವಾದರೆ ಮಾತ್ರ ನೀರು ಎಳೆಯುವ ಜಾಲರಿಯಲ್ಲಿ ಕಸ ಕಟ್ಟಿದೆಯೇ, ನೀರಿನ ಪಂಪಿನೊಳಗಿನ ರಬ್ಬರ್ ರೆಕ್ಕೆ ಮುರಿದಿದೆಯೇ ನೋಡಬೇಕು. ನಮ್ಮದು ಧಾರಾಳವಾಗಿ ಸುರಿಯುತ್ತಿದೆ.

ಇನ್ನು ಬೋರ್ ಮಾಡಿಸುವ ಮಾತು. ಅದಕ್ಕೆ ನೀಲಿ ಹೊಗೆ ಬೇಕು, ಆಯಿಲ್ ಉರಿಯಬೇಕು. ಗೇಜ್ ಕಡ್ಡಿ ಎಳೆದು ನೋಡಿದೆ: ಆಯಿಲ್ ಗೆರೆಯಲ್ಲೇ ಇದೆ, ನೀರು ಸೇರಿ ಹಾಲಿನಂತಾಗಿಲ್ಲ, ಡೀಸೆಲ್ ವಾಸನೆಯೂ ಇಲ್ಲ.

ಉಳಿದದ್ದು ಕಪ್ಪು. ನ್ಯೂಟ್ರಲ್‌ನಲ್ಲಿ ಎಷ್ಟು ಏರಿಸಿದರೂ ಹೊಗೆ ಕಾಣುವುದಿಲ್ಲ. ಗೇರ್ ಹಾಕಿ ವೇಗ ಕೊಟ್ಟರೆ ಒಲೆಗೆ ಹಸಿ ಸೌದೆ ತುರುಕಿದ ಹಾಗೆ. ಎಂದರೆ ಹೊರೆ ಹೆಚ್ಚು, ಇಲ್ಲವೇ ಗಾಳಿ ಕಡಿಮೆ. ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು ಓಡಿಸಿದೆ. ಕಪ್ಪು ಬೂದು ಬಣ್ಣಕ್ಕೆ ಇಳಿಯಿತು! ಮಳೆಗಾಲದಲ್ಲಿ ಇರಚಲು ಹೊಡೆಯದಿರಲಿ ಎಂದು ಮಾವ ಗಾಳಿಯ ಕಿಂಡಿಗಳಿಗೆಲ್ಲ ಗೋಣಿ ತುರುಕಿದ್ದರು. ಎಂಜಿನ್‌ಗೂ ಮೂಗಿದೆ ಮಾವ ಎಂದೆ. ನಗಲಿಲ್ಲ.

ಆಮೇಲೆ ಎಂಜಿನ್ ನಿಲ್ಲಿಸಿ, ಕೀ ನನ್ನ ಜೇಬಿಗೆ ಹಾಕಿಕೊಂಡು, ನೀರಿಗಿಳಿದೆ. ಕೀ ಬೇರೆಯವರ ಕೈಯಲ್ಲಿದ್ದರೆ ಪ್ರೊಪೆಲ್ಲರ್ ಮುಟ್ಟಬೇಡಿ. ರೆಕ್ಕೆಗಳ ಬುಡದಲ್ಲಿ ನೈಲಾನ್ ಬಲೆ ಗಂಟುಗಂಟಾಗಿ ಸುತ್ತಿತ್ತು. ಕೊಯ್ದು ತೆಗೆದೆ. ಹೊಗೆ ಇನ್ನಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ.

ಉಳಿದ ಹೊಗೆ ಈ ಊರಿನದು. ಹಾರಂಗಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2859 ಅಡಿ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿ ಏರಿದರೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. ಎಂಜಿನ್‌ಗೆ ಡೀಸೆಲ್ ಅಳೆದು ಕೊಡುವ ಪಂಪಿಗೆ ಘಾಟಿ ಹತ್ತಿದ್ದು ಗೊತ್ತೇ ಇಲ್ಲ, ಕಡಲತೀರದ ಅಳತೆಯಲ್ಲೇ ಬಡಿಸುತ್ತಿದೆ. ಪ್ರೊಪೆಲ್ಲರ್ ಕೂಡ ಅಲ್ಲಿನ ಬಲಕ್ಕೆ ಹೊಂದಿಸಿದ್ದು. ಮಾವನ ಆಣೆ ಸುಳ್ಳಲ್ಲ.

ಪಂಪಿನ ಮೊಹರು ಹಾಕಿದ ತಿರುಪನ್ನು ನಾನು ಮುಟ್ಟುವುದಿಲ್ಲ. ಸೋಮವಾರ ಬಿಚ್ಚಿ ಮೈಸೂರಿಗೆ ಒಯ್ದು ಅಳತೆ ಕೂರಿಸಿಕೊಂಡು ಬರುತ್ತೇನೆ. ಅಲ್ಲಿಯ ತನಕ ಮುಕ್ಕಾಲು ವೇಗ ದಾಟಬೇಡಿ ಎಂದು ಮಾವನಿಗೆ ಹೇಳಿದ್ದೇನೆ.

ಅಗೋ, ದಾಟಿದರು. ಆ ಕಪ್ಪು ನೋಡಿ.