ಇ-ಪುಸ್ತಕ ಧ್ವನಿಯಾಗುವಾಗ ಕಳೆದುಹೋಗುವುದೇನು?

ಎಲ್ಲರಿಗೂ ನಮಸ್ಕಾರ.

ಇ-ಪುಸ್ತಕವನ್ನು ಕಂಪ್ಯೂಟರಿನಿಂದ ಓದಿಸಿ ಲಾಸ್‌ಲೆಸ್ ಆಡಿಯೊ ಮಾಡಿಕೊಳ್ಳುವುದು ಹೇಗೆ ಎಂದು ಹೇಳಲು ಕರೆದಿದ್ದೀರಿ. ಲಾಸ್‌ಲೆಸ್ ಎಂದರೆ ಒಂದು ಚೂರೂ ನಷ್ಟವಾಗದ ಧ್ವನಿ ಕಡತ. ಈ ಕೆಲಸಕ್ಕೆ ಕೈಹಾಕಿದಾಗ, ಯಾವ ಫಾರ್ಮ್ಯಾಟ್ ಎಂಬುದೇ ದೊಡ್ಡ ಪ್ರಶ್ನೆ ಅಂದುಕೊಂಡಿದ್ದೆ. ಒಂದಷ್ಟು ಪುಸ್ತಕ ಮಾಡಿ, ಕೂತು ಕೇಳಿದ ಮೇಲೆ ತಿಳಿಯಿತು: ನಷ್ಟದ ಬಹುಪಾಲು ಧ್ವನಿ ಹುಟ್ಟುವ ಮೊದಲೇ, ಪಠ್ಯದಲ್ಲೇ ಆಗಿರುತ್ತದೆ.

ನನ್ನ ಮೊದಲ ಪುಸ್ತಕ ಒಂದು ಪಿಡಿಎಫ್. ಪಿಡಿಎಫ್‌ನಲ್ಲಿ ಮುಖ್ಯವಾಗಿ ಇರುವುದು ಯಾವ ಅಕ್ಷರ ಹಾಳೆಯ ಯಾವ ಜಾಗದಲ್ಲಿ ಮೂಡಬೇಕು ಎಂಬ ಲೆಕ್ಕ. ವಾಕ್ಯ ಎಲ್ಲಿ ಮುಗಿಯಿತು, ಪುಟಸಂಖ್ಯೆ ಯಾವುದು ಎಂಬ ಅರಿವು ಅದಕ್ಕೆ ಇರಲೇಬೇಕೆಂದಿಲ್ಲ. ಹಾಗಾಗಿ ಕಥೆಯಲ್ಲಿ ತಾಯಿ ಮಗನ ಪತ್ರ ಒಡೆದು ಓದುತ್ತಿರುವಾಗ, ನಡುವೆ 'ನೂರ ಹದಿನೇಳು' ಎಂದಿತು ಧ್ವನಿ. ಪುಟಸಂಖ್ಯೆ! ಕೇಳುವವರಿಗೆ ಕಥೆ ಅಲ್ಲೇ ಮುರಿದುಬಿತ್ತು. ಅಡಿಟಿಪ್ಪಣಿಯ ಅಂಕಿಗಳದ್ದೂ ಇದೇ ಪಾಡು. ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಮುಂಚಿನ ಫಾಂಟ್‌ಗಳಲ್ಲಿ ಜೋಡಿಸಿದ ಕನ್ನಡ ಪುಸ್ತಕವಂತೂ ಕಣ್ಣಿಗಷ್ಟೇ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಮೊದಲು ಯೂನಿಕೋಡ್‌ಗೆ ತರದೆ ಗತಿಯಿಲ್ಲ.

ಇಪಬ್ ಎಂಬ ಇ-ಪುಸ್ತಕದ ಫಾರ್ಮ್ಯಾಟ್ ಸಿಕ್ಕರೆ ಅರ್ಧ ಕೆಲಸ ಹಗುರ. ಅದು ಜಿಪ್ ಮಾಡಿದ ಗಂಟು. ಬಿಚ್ಚಿದರೆ ಅಧ್ಯಾಯಗಳು ವೆಬ್ ಪುಟಗಳಂತೆ ಸಿಗುತ್ತವೆ, ಯಾವುದರ ನಂತರ ಯಾವುದು ಎಂಬ ಅನುಕ್ರಮವೂ ಒಳಗೇ ಇರುತ್ತದೆ. (ಡಿಆರ್‌ಎಂ ಎಂಬ, ನಕಲು ತಡೆಯುವ ಬೀಗ ಹಾಕಿದ ಪುಸ್ತಕದ ತಂಟೆಗೆ ಹೋಗಬೇಡಿ. ಹಕ್ಕುಸ್ವಾಮ್ಯದ ಅವಧಿ ಮುಗಿದದ್ದು, ಇಲ್ಲವೇ ಅನುಮತಿ ಇರುವುದನ್ನೇ ಆರಿಸಿಕೊಳ್ಳಿ.) ಆಮೇಲೆ ಶುರುವಾಗುವುದು ಕೈಕೆಲಸ. 'ಕ್ರಿ.ಶ.' ಎಂದು ಬರೆದಲ್ಲಿ ಆ ಚುಕ್ಕಿಯನ್ನೇ ವಾಕ್ಯದ ಕೊನೆ ಎಂದುಕೊಂಡು ಎಂಜಿನ್, ಅಂದರೆ ಪಠ್ಯವನ್ನು ಓದುವ ತಂತ್ರಾಂಶ, ನಿಂತುಬಿಡಬಹುದು. 'ಕ್ರಿಸ್ತಶಕ' ಎಂದು ಬಿಡಿಸಿ ಬರೆಯಿರಿ. ಪದ್ಯದ ಸಾಲಿನ ಕೊನೆಯಲ್ಲಿ ಚುಕ್ಕಿ ಇಲ್ಲದಿದ್ದರೆ ನಾಲ್ಕು ಸಾಲನ್ನೂ ಒಂದೇ ಉಸಿರಿಗೆ ಓದಿಬಿಡುತ್ತದೆ. ಅಲ್ಪವಿರಾಮ ಹಾಕಿಕೊಡಿ. ಬೇಸರದ ಕೆಲಸ ಎನ್ನುವವರಿದ್ದಾರೆ. ನನಗೆ ಇದೇ ಇಷ್ಟ, ಏಕೆಂದರೆ ಪುಸ್ತಕವನ್ನು ಇಷ್ಟು ನಿಧಾನವಾಗಿ ಬೇರೆ ಯಾವಾಗಲೂ ಓದಿರುವುದಿಲ್ಲ.

ಈಗ ಧ್ವನಿಗೆ ಬರೋಣ. ಇ-ಸ್ಪೀಕ್ ಎನ್‌ಜಿ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ದನಿ ಒರಟು, ಆದರೆ ನೇರವಾಗಿ ಕುಗ್ಗಿಸದ ವೇವ್ ಕಡತ ಕೊಡುತ್ತದೆ: ಸೆಕೆಂಡಿಗೆ 22,050 ಮಾದರಿ (ಧ್ವನಿಯ ಅಳತೆ), ಒಂದೊಂದಕ್ಕೂ 16 ಬಿಟ್, ಒಂದೇ ಚಾನೆಲ್. ಅಂದರೆ ಗಂಟೆಗೆ ಸುಮಾರು 159 ಎಂಬಿ. 10 ಗಂಟೆಯ ಪುಸ್ತಕ 1.6 ಜಿಬಿ ಮುಟ್ಟುತ್ತದೆ. ಇದನ್ನು ಕುಗ್ಗಿಸಲು ಫ್ಲಾಕ್ ಎಂಬ ಲಾಸ್‌ಲೆಸ್ ಫಾರ್ಮ್ಯಾಟ್ ಇದೆ. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2001ರಲ್ಲಿ. ಹಿಂದಿನ ಮಾದರಿಗಳನ್ನು ನೋಡಿ ಮುಂದಿನದು ಎಷ್ಟಿರಬಹುದೆಂದು ಅದು ಊಹಿಸುತ್ತದೆ, ಊಹೆ ತಪ್ಪಿದಷ್ಟನ್ನು ಮಾತ್ರ ಬರೆದಿಡುತ್ತದೆ. ಬಿಚ್ಚಿದಾಗ ಮೂಲದ ಒಂದೊಂದು ಬಿಟ್ಟೂ ವಾಪಸ್ಸು ಬರುತ್ತದೆ. ಮೂಲ ಧ್ವನಿಯಿಂದ ಲೆಕ್ಕಹಾಕಿದ ಎಂಡಿ5 ಎಂಬ ಗುರುತನ್ನೂ ಕಡತದಲ್ಲೇ ಇಟ್ಟಿರುವುದರಿಂದ, ವರ್ಷಗಳ ನಂತರವೂ ಕೆಟ್ಟಿದೆಯೇ ಇಲ್ಲವೇ ಎಂದು ಪರೀಕ್ಷಿಸಬಹುದು.

ಒಂದು ಎಚ್ಚರ. ನಿಮ್ಮ ಎಂಜಿನ್, ಒಂದಷ್ಟು ವಿವರ ಕಳೆದು ಕುಗ್ಗಿಸುವ ಎಂಪಿ3 ಮಾತ್ರ ಕೊಡುವುದಾದರೆ, ಅದನ್ನು ಫ್ಲಾಕ್ ಮಾಡಿದರೆ ಕಡತ ದಪ್ಪವಾಗುತ್ತದೆ ಅಷ್ಟೇ, ಹೋದದ್ದು ಮರಳುವುದಿಲ್ಲ. 22,050ರ ಧ್ವನಿಯನ್ನು 96,000ಕ್ಕೆ ಏರಿಸಿದರೂ ಹೊಸ ವಿವರ ಹುಟ್ಟುವುದಿಲ್ಲ.

ಯಂತ್ರದ ದನಿಗೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ತಿದ್ದುವ ಕೆಲಸ ಮುಗಿಯುವುದೇ ಇಲ್ಲವಲ್ಲ! ಒಂದು ಹೆಸರಿನ ಉಚ್ಚಾರ ತಪ್ಪಿದೆ, ಆ ತುಂಡು ತೆಗೆದು ಬೇರೆಯದು ಸೇರಿಸಬೇಕು. ಎಂಪಿ3ಯನ್ನು ಬಿಚ್ಚಿ ಮತ್ತೆ ಎಂಪಿ3 ಮಾಡಿದಷ್ಟು ಸಲವೂ ಹೊಸದಾಗಿ ನಷ್ಟವಾಗುತ್ತದೆ. ತುದಿಗಳಲ್ಲಿ ಸಣ್ಣ ಮೌನವೂ ಸೇರಿಕೊಂಡು ಬೆಸುಗೆ ಕೇಳಿಸುತ್ತದೆ. ಫ್ಲಾಕ್‌ನಲ್ಲಿ ಈ ತೊಂದರೆಯಿಲ್ಲ. ಅದು ಮೂಲಪ್ರತಿಯಾಗಿ ಮನೆಯಲ್ಲಿರಲಿ, ಫೋನಿಗೆ ಅದರಿಂದಲೇ ಓಪಸ್ ಎಂಬ ಚಿಕ್ಕ ಗಾತ್ರದ ಫಾರ್ಮ್ಯಾಟಿನಲ್ಲಿ ಪ್ರತಿ ತೆಗೆಯಿರಿ.

ಜೊತೆಗೆ ತಿದ್ದಿದ ಪಠ್ಯವನ್ನೂ ಜೋಪಾನ ಮಾಡಿ. ಮುಂದೆ ಇನ್ನೂ ಇಂಪಾದ ದನಿ ಬಂದಾಗ ಅದೇ ಪಠ್ಯ ಕೊಟ್ಟರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಪುಸ್ತಕ ಹೊಸದಾಗಿ ಸಿದ್ಧ.

ಈಗ ಒಂದೇ ಅಧ್ಯಾಯವನ್ನು ಎರಡು ಸಲ ಕೇಳಿಸುತ್ತೇನೆ. ಮೊದಲು ತಿದ್ದದೆ ಇದ್ದದ್ದು. ಕಣ್ಣು ಮುಚ್ಚಿಕೊಂಡು ಕೇಳಿ, ಎಲ್ಲಿ ಎಡವಿತು ಅನ್ನಿಸುತ್ತದೋ ಅಲ್ಲಿ ಕೈ ಎತ್ತಿ.