ಟಿಡಿಎಸ್ ಕಮ್ಮಿ ಇದ್ರೆ ಫ್ಲೋರೈಡ್ ಇಲ್ಲ ಅಂತನಾ? ಚಿತ್ರದುರ್ಗದ ಬೋರ್ ನೀರಿನ ಲೆಕ್ಕ

[ಪರದೆ: ಊರಿನ ಶುದ್ಧ ಕುಡಿಯುವ ನೀರಿನ ಘಟಕ. ನಲ್ಲಿ ಕೆಳಗೆ 20 ಲೀಟರ್ ಕ್ಯಾನು.]

ನಮಸ್ಕಾರ. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಅತ್ತ ದಾವಣಗೆರೆ ಜಿಲ್ಲೆಯ ಜಗಳೂರು. ಈ ಸೀಮೆಯಲ್ಲಿ ತುಂಬಾ ಜನಕ್ಕೆ ಇರೋ ಅನುಮಾನ ಇದು: "ಬೋರ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದ್ರೆ 900 ತೋರಿಸುತ್ತೆ, ಫಿಲ್ಟರ್ ನೀರಿಗೆ 250. ಅಂದ್ಮೇಲೆ ಫ್ಲೋರೈಡ್ ಹೋಯ್ತು ತಾನೇ?"

ಹಂಗೇನಿಲ್ಲ. ಟಿಡಿಎಸ್ ಅಂದ್ರೆ ಒಂದು ಲೀಟರ್ ನೀರಲ್ಲಿ ಕರಗಿರೋ ಒಟ್ಟು ಲವಣ, ಮಿಲಿಗ್ರಾಂ ಲೆಕ್ಕದಲ್ಲಿ. ಫ್ಲೋರೈಡ್ ಅದರಲ್ಲಿ ಒಂದು ಸಣ್ಣ ಪಾಲು, ಹೆಚ್ಚಾದ್ರೆ ಹಲ್ಲು, ಮೂಳೆ ಕೆಡಿಸುತ್ತೆ. ಯಾಕೆ ಮೀಟರ್ ನಂಬೋಕಾಗಲ್ಲ ಅಂತ ನೋಡೋಣ.

ಮೊದಲು ಬೇಗ ಬೇಗ ಮೂಲ ವಿಷಯ. ನಮ್ಮ ಕೆಳಗಿರೋದು ಗ್ರಾನೈಟ್, ನೈಸ್ ಜಾತಿಯ ಬಂಡೆ. ಅದರ ಖನಿಜಗಳಲ್ಲೇ ಫ್ಲೋರೈಡ್ ಇದೆ. ಬೋರು ಆಳಕ್ಕೆ ಹೋದಷ್ಟೂ ನೀರು ಬಂಡೆ ಸಂದಿಯಲ್ಲಿ ಹೆಚ್ಚು ಕಾಲ ನಿಂತಿರುತ್ತೆ, ಹೆಚ್ಚು ಕರಗಿಸಿಕೊಳ್ಳುತ್ತೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲ ಅಂದ್ರೆ 1.5ರವರೆಗೆ. ಕಾಯಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತೆ. "ನನ್ನ ಹಲ್ಲು ಬೆಳ್ಳಗಿದೆ" ಅನ್ನೋದೂ ಪುರಾವೆ ಅಲ್ಲ. ಹಲ್ಲಿನ ಮೇಲೆ ಕಲೆ ಬೀಳೋದು ಬಾಲ್ಯದಲ್ಲಿ, ಹಲ್ಲಿನ ಹೊದಿಕೆ ಬೆಳೆಯೋ ವಯಸ್ಸಲ್ಲಿ ಮಾತ್ರ. ಆಮೇಲೆ ಕುಡಿದದ್ದು ಹಲ್ಲಲ್ಲಿ ಕಾಣಲ್ಲ, ಅದರಲ್ಲಿ ಒಂದು ಪಾಲು ಮೂಳೆಗೆ ಹೋಗಿ ಕೂರುತ್ತೆ.

ಈಗ ಮೀಟರ್ ವಿಷಯ. ಸಂತೆ ಚೀಲವನ್ನ ತಕ್ಕಡಿಗೆ ಹಾಕಿದ್ರೆ ಒಟ್ಟು ತೂಕ ಗೊತ್ತಾಗುತ್ತೆ, ಒಳಗೆ ಈರುಳ್ಳಿ ಎಷ್ಟು, ಮೆಣಸಿನಕಾಯಿ ಎಷ್ಟು ಅಂತ ಗೊತ್ತಾಗಲ್ಲ. ಟಿಡಿಎಸ್ ಮೀಟರೂ ಅಷ್ಟೇ. ನೀರಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದನ್ನ ಅಳೆದು ಒಟ್ಟು ಲವಣದ ಅಂದಾಜು ಕೊಡುತ್ತೆ. 900ರಲ್ಲಿ 4 ಫ್ಲೋರೈಡ್ ಅಂದ್ರೆ ಅದರ ಕಣ್ಣಿಗೆ ಬೀಳೋದೇ ಇಲ್ಲ.

[ಪರದೆ: ಆರ್‌ಒ ಯಂತ್ರದ ಪಕ್ಕದ ಸಣ್ಣ ವಾಲ್ವ್, ಹತ್ತಿರದಿಂದ]

ಇದನ್ನ ಸರಿಯಾಗಿ ನೋಡಿ, ಇಡೀ ವಿಡಿಯೋದಲ್ಲಿ ಮುಖ್ಯವಾದದ್ದು ಇದೇ. ಆರ್‌ಒ ಅಂದ್ರೆ ಒತ್ತಡ ಹಾಕಿ ನೀರನ್ನ ಪೊರೆ ಮೂಲಕ ಸೋಸೋ ಯಂತ್ರ. ಆ ಪೊರೆ ಚೆನ್ನಾಗಿದ್ರೆ 900 ಇದ್ದ ನೀರು 60ಕ್ಕೆ ಇಳಿಯುತ್ತೆ. ಆ ನೀರು ಸಪ್ಪೆ. ಜನ "ರುಚಿ ಇಲ್ಲ" ಅಂತಾರೆ. ಆಗ ಈ ವಾಲ್ವನ್ನ ಸ್ವಲ್ಪ ತಿರುಗಿಸಿ, ಶುದ್ಧ ನೀರಿಗೆ ಹಸಿ ಬೋರ್ ನೀರು ಬೆರೆಸಿಬಿಡ್ತಾರೆ. 60ನ್ನ 250 ಮಾಡೋಕೆ 100 ಲೀಟರಲ್ಲಿ ಸುಮಾರು 23 ಲೀಟರ್ ಹಸಿ ನೀರು ಬೇಕು. ಬೋರಿನಲ್ಲಿ ಫ್ಲೋರೈಡ್ 4 ಇದ್ರೆ, ಪೊರೆ ದಾಟಿ ಬರೋ ಚೂರುಪಾರೂ ಸೇರಿ ಕ್ಯಾನಿನಲ್ಲಿ ಸುಮಾರು 1.1! ಟಿಡಿಎಸ್ ಮಿತಿ 500, ಮೀಟರ್ ತೋರಿಸಿದ್ದು 250, ಎಲ್ಲಾ ಚೆನ್ನಾಗಿದೆ ಅನಿಸುತ್ತೆ. ಫ್ಲೋರೈಡ್ ಮಾತ್ರ ಗೆರೆ ದಾಟಿದೆ. ವಾಲ್ವ್ ಪೂರ್ತಿ ಮುಚ್ಚಿದ ಮೇಲೂ ಟಿಡಿಎಸ್ ಇಳಿಯದಿದ್ರೆ ಪೊರೆಯೇ ಹೋಗಿದೆ, ಬದಲಾಯಿಸಬೇಕು.

ಹಾಗಾದ್ರೆ ಅಳೆಯೋರು ಯಾರು? ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಗೆ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಿಟ್ ಬಳಸೋ ತರಬೇತಿ ಕೊಡಬೇಕು. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು ಇಂಥವರೇ ಹೆಚ್ಚು. ಊರಿನ ಪರಿಸರ ನ್ಯಾಯದ ಕೆಲಸ ಅಂದ್ರೆ ನನ್ನ ಪ್ರಕಾರ ಇದೇ, ಮತ್ತು ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಕಿಟ್ ಕೆಲಸ ಮಾಡೋ ರೀತಿ ನೋಡಿದ್ರೆ ಖುಷಿಯಾಗುತ್ತೆ. ಸಾಮಾನ್ಯವಾಗಿ ಬಳಸೋ ದ್ರಾವಣದಲ್ಲಿ ಜಿರ್ಕೋನಿಯಂ ಲೋಹ ಮತ್ತು ಅಲಿಜರಿನ್ ಅನ್ನೋ ಬಣ್ಣ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಾಗಿರೋ ತನಕ ಗುಲಾಬಿ ಕೆಂಪು. ನೀರಲ್ಲಿ ಫ್ಲೋರೈಡ್ ಇದ್ರೆ ಅದು ಜಿರ್ಕೋನಿಯಂ ಅನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಬಿಡಿಯಾದ ಅಲಿಜರಿನ್ ಹಳದಿಗೆ ತಿರುಗುತ್ತೆ. ಕೆಂಪು ಉಳಿದ್ರೆ ನೆಮ್ಮದಿ. ಹಳದಿ ಆದಷ್ಟೂ ಫ್ಲೋರೈಡ್ ಜಾಸ್ತಿ.

ಎಡವೋದು ಎಲ್ಲಿ ಅಂದ್ರೆ, ನಿಂತ ಪೈಪಿನ ನೀರು ಹಿಡಿಯೋದು. ಮೋಟರ್ ಐದು ನಿಮಿಷ ಓಡಲಿ, ಆಮೇಲೆ ಹಿಡೀರಿ. ಬಾಟಲಿ ಪ್ಲಾಸ್ಟಿಕ್‌ದೇ ಇರಲಿ, ಗಾಜು ಬೇಡ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಪರೀಕ್ಷೆ ಬೇಡ, ಕ್ಲೋರಿನ್ ಆ ಬಣ್ಣವನ್ನೇ ಕೆಡಿಸುತ್ತೆ. ಬಣ್ಣ ನೋಡೋದು ಹಗಲು ಬೆಳಕಲ್ಲಿ, ಬಿಳಿ ಹಾಳೆ ಹಿಂದಿಟ್ಟು. ಟ್ಯೂಬ್‌ಲೈಟ್ ಕೆಳಗೆ ಗುಲಾಬಿ ಯಾವುದು, ಕಿತ್ತಳೆ ಯಾವುದು ಅಂತ ಜಗಳ ಆಗುತ್ತೆ. ದ್ರಾವಣದ ಅವಧಿ ಮುಗಿದಿದೆಯಾ ಅಂತಲೂ ನೋಡಿ. 1ರ ಆಸುಪಾಸು ಏನೇ ಬಂದ್ರೂ ಕಿಟ್ ನಂಬಿ ಕೂರಬೇಡಿ, ಲ್ಯಾಬಿಗೆ ಕಳಿಸಿ.

ಒಂದೇ ಕಡೆ ಪರೀಕ್ಷೆ ಮಾಡಿದ್ರೂ ಸಾಲಲ್ಲ. ಬೋರು, ಫಿಲ್ಟರ್ ನಲ್ಲಿ, ಶಾಲೆ, ಮತ್ತು ಕಾಲೋನಿಯ ತೊಂಬೆ. ಕಾಲೋನಿ ತೊಂಬೆಗೆ ಎಷ್ಟೋ ಕಡೆ ಬೇರೆಯದೇ ಬೋರು ಇರುತ್ತೆ, ಪಟ್ಟಿಯಲ್ಲಿ ಬಿಟ್ಟುಹೋಗೋದೂ ಅದೇ. ಘಟಕ ಇರೋದು ಊರ ಮುಂದೆ, ತೆರೆಯೋ ಹೊತ್ತಿಗೆ ಕೂಲಿಯವರು ಹೊಲದಲ್ಲಿ. ಕ್ಯಾನ್ ತಂದ ಮನೆಯಲ್ಲೂ ಕುಡಿಯೋಕಷ್ಟೇ ಫಿಲ್ಟರ್ ನೀರು; ಮುದ್ದೆ, ಸಾರು, ಟೀ ಎಲ್ಲಾ ತೊಂಬೆ ನೀರಲ್ಲೇ. ಅಡುಗೆ ಮೂಲಕ ದಿನಕ್ಕೆ 2 ಲೀಟರ್ ಹೊಟ್ಟೆಗೆ ಹೋಗುತ್ತೆ ಅಂತಿಟ್ಕೊಳ್ಳಿ, ಬೋರಿನಲ್ಲಿ 4 ಇದ್ರೆ ಅದೇ 8 ಮಿಲಿಗ್ರಾಂ. ಅಡುಗೆಗೂ ಫಿಲ್ಟರ್ ನೀರೇ ಆಗಬೇಕು, ಅದಕ್ಕೆ ತಕ್ಕಂತೆ ಘಟಕದ ಸಮಯ ಬದಲಾಗಬೇಕು. ಬೆಳಗ್ಗೆ ಆರಕ್ಕೇ ತೆಗೀಬೇಕು.

[ಪರದೆ: ಘಟಕದ ಹಿಂಬದಿ, ತ್ಯಾಜ್ಯ ನೀರಿನ ಪೈಪು]

ಸಮಯ ಕಮ್ಮಿ ಇದೆ, ಉಳಿದದ್ದು ಚುಟುಕಾಗಿ. 100 ಲೀಟರಲ್ಲಿ ಅರ್ಧ ಶುದ್ಧವಾಗಿ ಬಂದ್ರೆ, ಫ್ಲೋರೈಡ್ ಹೆಚ್ಚುಕಮ್ಮಿ ಪೂರ್ತಿ ಹೊರಗೆ ಹೋಗೋ ಉಳಿದರ್ಧದಲ್ಲಿ: 4 ಇದ್ದದ್ದು ಸುಮಾರು 8. ಅದನ್ನ ದನದ ತೊಟ್ಟಿಗೆ ಬಿಡಬೇಡಿ, ದನಕ್ಕೂ ಮೂಳೆ ಹಿಡಿಯುತ್ತೆ. ಇಂಗುಗುಂಡಿಗೆ ಅಂತೂ ಬೇಡವೇ ಬೇಡ, ಅದೇ ಬೋರಿಗೆ ವಾಪಸ್ ಬರುತ್ತೆ. ಶೌಚಾಲಯಕ್ಕೆ, ನೆಲ ತೊಳೆಯೋಕೆ ಆಗಬಹುದು. ಜಗಳೂರಿನವರು "57 ಕೆರೆ ತುಂಬಿಸೋ ಯೋಜನೆಯಿಂದ ತುಂಗಭದ್ರಾ ನೀರು ಬರುತ್ತಲ್ಲ" ಅನ್ನಬಹುದು. ಒಳ್ಳೇದೇ, ಆದ್ರೆ ಕೆರೆ ತುಂಬಿದ ಕೂಡಲೇ ಆಳದ ಬೋರಿನ ಫ್ಲೋರೈಡ್ ಇಳಿಯುತ್ತೆ ಅಂತ ಹೇಳೋಕಾಗಲ್ಲ. ತುಂಬೋ ಮುಂಚೆ, ತುಂಬಿದ ಮೇಲೆ ಅದೇ ಬೋರನ್ನ ಪರೀಕ್ಷೆ ಮಾಡಿ ಬರೆದಿಡಿ.

ಕೊನೇದು ಮಳೆ ನೀರು. ಅದರಲ್ಲಿ ಬಂಡೆಯ ಫ್ಲೋರೈಡ್ ಇರಲ್ಲ. 30 ಚದರ ಮೀಟರ್ ತಾರಸಿ, ವರ್ಷಕ್ಕೆ 500 ಮಿ.ಮೀ. ಮಳೆ, ಐದರಲ್ಲಿ ಒಂದು ಪಾಲು ನಷ್ಟ ಅಂದ್ರೂ 12,000 ಲೀಟರ್. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು, ವರ್ಷ ದಾಟುತ್ತೆ. ಮೊದಲ ಮಳೆ ಹೊರಗೆ ಬಿಡಿ, ಟ್ಯಾಂಕಿಗೆ ಬಿಸಿಲು ಬೀಳದ ಹಾಗೆ ಮುಚ್ಚಿಡಿ. ಮಣ್ಣಿನ ಮಾಳಿಗೆ ಮನೆಯವರಿಗೆ ಇದು ನಡೆಯಲ್ಲ, ಬರೋದೆಲ್ಲಾ ಕೆಸರು. ಅಂಥ ಓಣಿಗೆ ಶಾಲೆ, ಅಂಗನವಾಡಿ ತಾರಸಿಯ ನೀರು ಕೊಡಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಕೇಳುವಾಗ ಕಾಲೋನಿ ತೊಂಬೆಯ ಲ್ಯಾಬ್ ವರದಿ ಕೈಯಲ್ಲಿರಲಿ, ನಡಾವಳಿ ಪುಸ್ತಕದಲ್ಲಿ ಆ ಅಂಕಿ ಬರೆಸಿಯೇ ಎದ್ದು ಬನ್ನಿ.