ಜನವರಿ ಒಂದಕ್ಕೆ ಹುಟ್ಟಿದ ಆಯಿ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರ್ ಅಂದ ಕೂಡಲೇ ಇದು ಓದಿದವರ ಬಾಬತ್ತು ಅಂತ ರೇಡಿಯೊ ಬಂದ್ ಮಾಡಬೇಡಿ. ತೊಗರಿ ರಾಶಿ ಮಾಡುತ್ತ ಕೇಳುತ್ತಿರುವವರಿಗೇ ಈ ಮಾತು. ನಾನು ಹೇಳೋದು ಒಂದೇ: ಕಂಪ್ಯೂಟರ್ ನಿಮ್ಮನ್ನು ಗುರುತು ಹಿಡಿಯೋದಿಲ್ಲ, ಅಕ್ಷರ ಹೋಲಿಸುತ್ತದೆ, ಅಷ್ಟೇ.

ನಮ್ಮ ಕಲಬುರಗಿ ಕಡೆ ಹಿರಿಯರಿಗೆ ವಯಸ್ಸು ಕೇಳಿದರೆ ಏನನ್ನುತ್ತಾರೆ? "ರಜಾಕಾರರ ಗದ್ದಲದಾಗ ನಾ ತೊಟ್ಟಿಲದಾಗ ಇದ್ದೆ." ಅಂದರೆ ನಿಜಾಮನ ಕಡೆಯ ರಜಾಕಾರರು ಹಾವಳಿ ಮಾಡಿದ 1948. "ದೊಡ್ಡ ಬರದಾಗ ನನ್ನ ಹಿರಿಮಗ ಹುಟ್ಟ್ಯಾನ." ಅಂದರೆ 1972. ಪಕ್ಕಾ ಲೆಕ್ಕವೇ ಇದು, ಆದರೆ ಫಾರಂನಲ್ಲಿ ತುಂಬಲು ಬರೋದಿಲ್ಲ.

ಇಂಥ ಒಬ್ಬ ಆಯಿ ಚಿತ್ತಾಪುರ ಕಡೆಯಿಂದ 2012ರಲ್ಲಿ ಆಧಾರ್ ಮಾಡಿಸಲು ಹೋದಳು ಅಂತಿಟ್ಟುಕೊಳ್ಳಿ. ಜನನ ಪತ್ರ ಇಲ್ಲ, ಶಾಲೆಯ ದಾಖಲೆ ಇಲ್ಲ. "ಎಷ್ಟು ವಯಸ್ಸು ಬರೀಲಿ ಆಯಿ?" "ಅರವತ್ತು ಬರ್ಕೋ ಯಪ್ಪಾ." ಕಂಪ್ಯೂಟರ್ ಮುಂದೆ ಕೂತ ಹುಡುಗ ಅರವತ್ತು ಒತ್ತಿದ. 2012ರಲ್ಲಿ 60 ಕಳೆದು 1952 ಬಂತು. ಪೂರಾ ತಾರೀಖು ಬೇಕಾದ ಕಡೆ ಅದೇ ಜನವರಿ 1, 1952 ಆಯಿತು. ಹಿರಿಮಗ ತನಗೆ ನಲವತ್ತೈದು ಅಂದ, ಅವನಿಗೂ ಜನವರಿ 1, 1967. ಬರದಲ್ಲಿ ಹುಟ್ಟಿದ ಮಗ ಬರಕ್ಕಿಂತ ಐದು ವರ್ಷ ಮೊದಲೇ ಹುಟ್ಟಿಬಿಟ್ಟ! ಊರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಕಟ್ಟೆ ಮೇಲೆ ಕೂತವರು ನಗುತ್ತಿದ್ದರು. ಕಂಪ್ಯೂಟರ್ ಪೆಟ್ಟಿಗೆ ಸುಮ್ಮನೆ ಬರೆದುಕೊಂಡಿತು.

ಈಗ ಲುಕ್ಸಾನ್ ನೋಡಿ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಬೇಕು. ಆಯಿಯ ಲೆಕ್ಕದಲ್ಲಿ 2013ಕ್ಕೆ ತುಂಬುತ್ತದೆ, ಕಾರ್ಡಿನ ಲೆಕ್ಕದಲ್ಲಿ 2017ಕ್ಕೆ. ನಾಲ್ಕು ವರ್ಷ ಹೋಯಿತು. ಆದರೆ ನನಗೆ ಇದಕ್ಕಿಂತ ಹೆಚ್ಚು ಸಿಟ್ಟು ಬರಿಸೋದು ಬೇರೆ. ಆಯಿ ಈಗ ಏನನ್ನುತ್ತಾಳೆ? "ಕಾರ್ಡಿನಾಗ ಹಂಗ ಅದ, ಹಂಗಾರ ನಾನೇ ಮರ್ತಿರಬೇಕು." ತಾನೇ ಅಂದಾಜು ಹೇಳಿ ಬರೆಸಿದ್ದನ್ನು ನಂಬಿ, ತನ್ನ ನೆನಪನ್ನೇ ಅನುಮಾನಿಸುತ್ತಾಳೆ! ಮೊಮ್ಮಕ್ಕಳು ಜನವರಿ ಒಂದಕ್ಕೆ ಕೇಕ್ ತರುತ್ತಾರೆ. ಓಣಿಯ ಅರ್ಧ ಹಿರಿಯರಿಗೆ ಅವತ್ತೇ ಹುಟ್ಟುಹಬ್ಬ. ಕೇಕ್ ತಿನ್ನಿ, ಬೇಡ ಅನ್ನೋದಿಲ್ಲ, ತಾರೀಖು ಮಾತ್ರ ನಂಬಬೇಡಿ.

ಹೆಸರಿನ ಕಥೆಯೂ ಇದೇ. ಆಧಾರ್‌ನಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದರೆ ತಂತ್ರಾಂಶವೇ ಕನ್ನಡ ಮಾಡಿಕೊಡುತ್ತದೆ. ಇಂಗ್ಲಿಷಿಗೆ ಎನ್ ಒಂದೇ, ನಮಗೆ ನ, ಣ ಎರಡು. ಶರಣಬಸಪ್ಪ ಹೋಗಿ ಶರನಬಸಪ್ಪ ಆಗುತ್ತಾನೆ, ಆಳಂದ ಆಲಂದ ಆಗುತ್ತದೆ. ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಯೂನಿಕೋಡ್ ಅನ್ನೋ ಅಕ್ಷರ-ಸಂಖ್ಯೆಗಳ ಪಟ್ಟಿಯಲ್ಲಿ ಶ ಅಂದರೆ 3254, ಸ ಅಂದರೆ 3256. ಪಹಣಿಯಲ್ಲಿ ಶರಣಪ್ಪ, ಪಾಸ್‌ಬುಕ್ಕಿನಲ್ಲಿ ಸರಣಪ್ಪ ಇದ್ದರೆ ಹೊಲದ ಯಜಮಾನ ಒಬ್ಬನೇ ಅಂತ ಊರಿಗೆ ಗೊತ್ತು. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಅವರು ಇಬ್ಬರು. 2014ರ ನವೆಂಬರ್ 1ರಿಂದ ನಮ್ಮ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ, ತಂತ್ರಾಂಶಕ್ಕೆ ಅದೂ ಎರಡು ಊರು. ಅಕ್ಷರ ಹೋಲಿಸುತ್ತದೆ, ಅಷ್ಟೇ.

ಸಮಯ ಕಡಿಮೆ ಇದೆ, ಕೆಲಸದ ಮಾತು ಬೇಗ ಹೇಳಿಬಿಡುತ್ತೇನೆ. ಆಧಾರ್ ಕೇಂದ್ರದಲ್ಲಿ ನಿಮ್ಮ ಕಡೆ ಮುಖ ಮಾಡಿದ ಇನ್ನೊಂದು ಪರದೆ ಇರುತ್ತದೆ. ಅದು ನಿಮಗಾಗಿಯೇ ಇಟ್ಟದ್ದು, ಇಂಗ್ಲಿಷ್ ಸಾಲಿನ ಜೊತೆ ಕನ್ನಡ ಸಾಲನ್ನೂ ಓದಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳನ್ನು ಕರಕೊಂಡು ಹೋಗಿ. ಹೆಸರು ತಿದ್ದಲು ಎರಡು ಸಲ, ಹುಟ್ಟಿದ ತಾರೀಖಿಗೆ ಒಂದೇ ಸಲ ಅವಕಾಶ. ಹಾಗಾಗಿ ತಾರೀಖಿನ ದಾಖಲೆ ಕೈಗೆ ಬಾರದೆ ತಿದ್ದಲು ಓಡಬೇಡಿ. "ಕಂಪ್ಯೂಟರಿನಾಗ ಹಂಗ ಅದ" ಅಂತ ಕೌಂಟರಿನವರು ಅಂದರೆ ಮನೆಗೆ ಹೊರಡಬೇಡಿ. "ಯಾವ ಕಾಗದ ನೋಡಿ ತುಂಬ್ಯಾರ್ರಿ?" ಅಂತ ಕೇಳಿ. ಉತ್ತರ ಬರುವ ತನಕ ಅಲ್ಲೇ ನಿಲ್ಲಿ, ಹಿಂದಿನವರು ಗೊಣಗಿದರೂ ಸರಿ. ನಮಸ್ಕಾರ.